ಚೆಂಡು ಕಸಿದವರು ಫೋನನ್ನು ಬೈಯಬಾರದು

ಹದಿಹರೆಯದ ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ಈಗ ಒಂದೇ ರಾಗ. "ಏನು ಹೇಳಿದರೂ ಕೇಳುವುದಿಲ್ಲ, ತಲೆ ಎತ್ತುವುದಿಲ್ಲ, ಊಟದ ತಟ್ಟೆಯ ಮುಂದೆಯೂ ಅದೇ." ಸಂಘದ ಕಾರ್ಯಕ್ರಮದ ಚಹಾ ಹೊತ್ತಿನಲ್ಲಿ, ಲೋಕಲಿನ ನಾಲ್ಕನೇ ಸೀಟಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಇದೇ ಮಾತು. ಪರಿಹಾರಗಳೂ ಸಿದ್ಧವಾಗಿಯೇ ಇವೆ: ಕಸಿದಿಟ್ಟುಕೊಳ್ಳಿ, ಪಾಸ್‌ವರ್ಡ್ ಬದಲಾಯಿಸಿ, ಕಂಟ್ರೋಲ್ ಆಪ್ ಹಾಕಿ, ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ. ನನ್ನ ತಕರಾರು ಈ ಪರಿಹಾರಗಳ ಮೇಲೆ. ಸಮಸ್ಯೆ ಆ ಹುಡುಗನ ತಲೆಯೊಳಗಿದೆ, ಹೆಚ್ಚೆಂದರೆ ಆ ಮನೆಯ ನಾಲ್ಕು ಗೋಡೆಯೊಳಗಿದೆ ಎಂಬ ನಂಬಿಕೆಯಿಂದ ಹುಟ್ಟಿದವು ಇವೆಲ್ಲ. ನಾನು ಹೇಳುವುದು ಬೇರೆ. ಒಂದು ಮನೆ ಒಂಟಿಯಾಗಿ ಮೊಬೈಲನ್ನು ಬದಿಗಿಡಲಾರದು. ಒಂದು ಊರು ಇಡಬಹುದು, ಒಂದು ಸೊಸೈಟಿ ಇಡಬಹುದು. ಆ ಕೆಲಸ ಮಾಡದೆ ಮಕ್ಕಳನ್ನು ಬೈಯುವುದು ಅನ್ಯಾಯ.

ಹೊಟ್ಟೆಪಾಡಿಗೆ ನಾನು ಐಟಿ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ನಮ್ಮ ಕಸುಬಿನಲ್ಲಿ ಒಂದು ಸರಳ ನಿಯಮವಿದೆ. ನೂರು ಬಳಕೆದಾರರಲ್ಲಿ ಒಬ್ಬ ಎಡವಿದರೆ ಅವನಿಗೆ ತರಬೇತಿ ಕೊಡುತ್ತೇವೆ. ಎಂಬತ್ತು ಜನ ಅದೇ ಜಾಗದಲ್ಲಿ ಎಡವಿದರೆ ಜನರನ್ನು ಬೈಯುವುದಿಲ್ಲ, ಸ್ಕ್ರೀನನ್ನು ತಿದ್ದುತ್ತೇವೆ. ಮಕ್ಕಳ ಕೈಯಲ್ಲಿರುವ ಆಪ್‌ಗಳ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಅಲ್ಲಿ ಎಂಬತ್ತು ಜನ ಎಡವಿ ಅಲ್ಲೇ ಕೂರಲಿ ಎಂದೇ ಸ್ಕ್ರೀನ್ ಕಟ್ಟಿದ್ದಾರೆ. ಬೆರಳು ಸರಿಸಿದಷ್ಟೂ ಉದ್ದವಾಗುವ, ಕೊನೆಯೇ ಇಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಆಜಾ ರಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪರಿತಪಿಸಿದರು. ಪುಸ್ತಕದಲ್ಲಿ ಅಧ್ಯಾಯ ಮುಗಿಯುತ್ತದೆ, ಯಕ್ಷಗಾನಕ್ಕೆ ಮಂಗಳ ಇದೆ, ಗಲ್ಲಿ ಕ್ರಿಕೆಟ್ಟಿನಲ್ಲಿ ಕತ್ತಲಾದರೆ ಆಟ ಬಂದ್. ರೀಲ್ಸಿಗೆ ನಿಲ್ಲುವ ಜಾಗವೇ ಇಲ್ಲ. ಸ್ನ್ಯಾಪ್‌ಚಾಟಿನ 'ಸ್ಟ್ರೀಕ್' ನೋಡಿ. ಇಬ್ಬರು ಗೆಳತಿಯರು ದಿನವೂ ತಪ್ಪದೆ ಫೋಟೋ ಕಳಿಸಿಕೊಂಡರೆ ಅಂಕಿ ಏರುತ್ತಾ ಹೋಗುತ್ತದೆ, ತಪ್ಪಿದರೆ ಎಲ್ಲ ಸೊನ್ನೆ. ಇನ್ನೂರು ದಿನ ಜೋಪಾನ ಮಾಡಿದ ಅಂಕಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಿಟ್ಟುಕೊಡು ಎಂದರೆ ಹದಿನಾಲ್ಕರ ಹುಡುಗಿ ಬಿಟ್ಟಾಳೆಯೆ? ಒಂದು ಬಟನ್ನಿನ ಬಣ್ಣವನ್ನೂ ಎರಡು ಬಗೆಯಲ್ಲಿ ಮಾಡಿ, ಯಾವುದಕ್ಕೆ ಜನ ಹೆಚ್ಚು ಹೊತ್ತು ಕೂರುತ್ತಾರೆ ಎಂದು ಅಳೆದು, ಗೆದ್ದದ್ದನ್ನು ಉಳಿಸಿಕೊಳ್ಳುವುದು ಈ ಉದ್ಯಮದ ದಿನನಿತ್ಯದ ಕೆಲಸ. ಆ ಕಡೆ ಸಾವಿರಾರು ಎಂಜಿನಿಯರುಗಳು. ಈ ಕಡೆ ಅಡುಗೆಮನೆಯಿಂದ ಒಬ್ಬ ಅಮ್ಮ, "ಸಾಕು ಮಗಾ, ಇಡು ಅದನ್ನ" ಎನ್ನುತ್ತಾಳೆ. ಇದಕ್ಕೆ ನಾವು ಶಿಸ್ತಿನ ಕೊರತೆ ಎಂದು ಹೆಸರಿಟ್ಟಿದ್ದೇವೆ.

ಈ ಮಕ್ಕಳ ಕೈಗೆ ಫೋನು ಬಂದದ್ದು ಹೇಗೆ ಎಂಬುದನ್ನೂ ಒಮ್ಮೆ ನೆನಪಿಸಿಕೊಳ್ಳಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಶಾಲೆ ಫೋನಿನೊಳಗೆ ಹೋಯಿತು. ಅದೇ ವರ್ಷ ಜೂನ್ ಕೊನೆಯಲ್ಲಿ ಸರಕಾರ ಟಿಕ್‌ಟಾಕ್ ನಿಷೇಧಿಸಿತು. ಆ ಖಾಲಿ ಜಾಗಕ್ಕೆ ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಅಂದರೆ ಯಾವ ತಿಂಗಳುಗಳಲ್ಲಿ ಮಕ್ಕಳನ್ನು ಮನೆಯೊಳಗೆ ಕೂರಿಸಿ, ಇದೇ ನಿನ್ನ ಶಾಲೆ ಎಂದು ಕೈಗೆ ಫೋನು ಕೊಟ್ಟೆವೋ, ಅದೇ ತಿಂಗಳುಗಳಲ್ಲಿ ಅದೇ ಫೋನಿನೊಳಗೆ ಈ ಸಂತೆ ನೆರೆಯಿತು. ಆಗ ನಾಲ್ಕನೇ ಕ್ಲಾಸಿನಲ್ಲಿದ್ದ ಮಗು ಇವತ್ತು ಹತ್ತನೇ ಕ್ಲಾಸಿನ ಆಸುಪಾಸಿನಲ್ಲಿದೆ. ಅದು ಫೋನನ್ನು ಕೇಳಿ ಪಡೆದದ್ದಲ್ಲ, ಶಾಲೆಯ ಹಾಜರಿಗಾಗಿ ಪಡೆದದ್ದು.

ಓದಿಗಾಗಿ ಕೊಟ್ಟ ಫೋನಿನಲ್ಲಿ ಓದು ಎಷ್ಟು ನಡೆಯುತ್ತದೆ? ಗ್ರಾಮೀಣ ಭಾರತದ ಶಿಕ್ಷಣವನ್ನು ಅಳೆಯುವ 'ಅಸರ್' ವರದಿ 2024ರಲ್ಲಿ 14ರಿಂದ 16 ವಯಸ್ಸಿನ ಮಕ್ಕಳನ್ನು ಇದನ್ನೇ ಕೇಳಿತ್ತು. ನೂರರಲ್ಲಿ 82ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಆ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು ಶೇಕಡಾ 57, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು ಶೇಕಡಾ 76. ಇದು ಹಳ್ಳಿಗಳ ಲೆಕ್ಕ. ಮನೆಮನೆಗೂ ವೈಫೈ ಇರುವ ಘೋಡ್‌ಬಂದರ್ ರೋಡಿನ ಟವರುಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆಂದು ನಂಬಲು ಕಾರಣವಿಲ್ಲ.

ಈಗ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ, ಅಮ್ಮ ಇಬ್ಬರೂ ಗಟ್ಟಿ ಮನಸ್ಸು ಮಾಡಿ, ಸಂಜೆ ಏಳಕ್ಕೆ ಮಗಳ ಫೋನು ಬೀರುವಿನೊಳಗೆ ಎಂದು ನಿಯಮ ಮಾಡುತ್ತಾರೆ. ಏಳೂವರೆಗೆ ಟ್ಯೂಶನ್ ಗ್ರೂಪಿನಲ್ಲಿ ನಾಳೆಯ ಟೆಸ್ಟಿನ ಪೋರ್ಶನ್ ಬರುತ್ತದೆ. ಎಂಟಕ್ಕೆ ಶಾಲೆಯ ಗ್ರೂಪಿನಲ್ಲಿ ಹೋಮ್‌ವರ್ಕಿನ ಫೋಟೋ. ಎಂಟೂವರೆಗೆ ಗೆಳತಿಯರೆಲ್ಲ ಸೇರಿ ಭಾನುವಾರ ಎಲ್ಲಿ ಸೇರುವುದೆಂದು ನಿಶ್ಚಯಿಸುತ್ತಾರೆ. ಈ ಹುಡುಗಿ ಅಲ್ಲಿಲ್ಲ. ಮರುದಿನ ಕ್ಲಾಸಿನಲ್ಲಿ ಎಲ್ಲರೂ ನಗುವ ಜೋಕು ಇವಳಿಗೆ ಗೊತ್ತಿಲ್ಲ. ಹದಿನೈದನೇ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮೂರನೇ ದಿನ ಅವಳು ಅಳುತ್ತಾಳೆ, ಐದನೇ ದಿನ ಅಮ್ಮ ಸೋಲುತ್ತಾಳೆ, ಆರನೇ ದಿನ ಬೀರುವಿನ ಬಾಗಿಲು ತೆರೆಯುತ್ತದೆ. ಅವಳಿಗೆ ಇಚ್ಛಾಶಕ್ತಿ ಇಲ್ಲವೆಂದು ನಾವು ತೀರ್ಪು ಕೊಡುತ್ತೇವೆ. ಊರಿಗೆ ಊರೇ ಜಾತ್ರೆಯಲ್ಲಿರುವಾಗ ಒಂದು ಮಗುವನ್ನು ಮನೆಯಲ್ಲಿ ಕಟ್ಟಿಹಾಕಿ, ಯಾಕೆ ಮುಖ ಊದಿಸಿದ್ದೀಯ ಎಂದು ಕೇಳಿದ ಹಾಗಾಯಿತು ಇದು.

ಈ ಗಂಟನ್ನು ಬಿಡಿಸಿದ್ದು ನಮ್ಮಂಥ ಎಂಟೆಕ್ ಆದವರಲ್ಲ, ಸಾಂಗ್ಲಿ ಜಿಲ್ಲೆಯ ರೈತರು. ಅಲ್ಲಿನ ಮೋಹಿತ್ಯಾಂಚೆ ವಡಗಾಂವ್ ಸುಮಾರು ಮೂರು ಸಾವಿರ ಜನರ ಹಳ್ಳಿ. 2022ರ ಆಗಸ್ಟಿನಿಂದ ದಿನವೂ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ. ಎಂಟೂವರೆಯವರೆಗೆ ಟೀವಿ ಬಂದ್, ಮೊಬೈಲ್ ಬಂದ್. ಮೊದಮೊದಲು ಜನ ನಕ್ಕರು. ಪಂಚಾಯಿತಿಯ ಸಿಬ್ಬಂದಿ, ಅಂಗನವಾಡಿಯವರು, ನಿವೃತ್ತ ಮೇಷ್ಟ್ರುಗಳು ಮನೆಮನೆಗೆ ಹೋಗಿ ಹೇಳಿ ರೂಢಿ ಮಾಡಿಸಿದರು. ಸಾಂಗ್ಲಿ ನಮಗೆ ಹೊರಗಿನದೇನಲ್ಲ, ಆ ಜಿಲ್ಲೆಯ ಜತ್ತ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅದೇ ಜಿಲ್ಲೆಯ ಅಗ್ರಣ್ ಧುಳಗಾಂವ್ ಕೂಡ ಇದೇ ದಾರಿ ಹಿಡಿಯಿತು. ಅದನ್ನು ನೋಡಿ 2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದ ಬಗಲಿನ ಹಲಗಾ ಗ್ರಾಮದವರು ಸಂಜೆ ಏಳರಿಂದ ಒಂಬತ್ತರವರೆಗೆ 'ಡಿಜಿಟಲ್ ಆಫ್' ಎಂದು ಸೈರನ್ ಹಾಕಿದರು. ಗಡಿಯಾಚೆಯ ಮರಾಠಿ ಹಳ್ಳಿಯಿಂದ ಗಡಿಯೀಚೆಗೆ ಜಗಳವಿಲ್ಲದೆ ಒಂದು ಒಳ್ಳೆಯ ಬುದ್ಧಿ ದಾಟಿ ಬಂದ ಅಪರೂಪದ ಪ್ರಸಂಗ ಇದು.

ಸೈರನ್ನಿನ ಸೊಗಸು ಅದರ ಸದ್ದಿನಲ್ಲಿಲ್ಲ. ಅದು ಎಲ್ಲರಿಗೂ ಒಟ್ಟಿಗೆ ಕೇಳಿಸುತ್ತದೆ ಎಂಬುದರಲ್ಲಿದೆ. ಆ ಒಂದೂವರೆ ಗಂಟೆಯಲ್ಲಿ ಯಾವ ಮಗುವೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಕಳೆದುಕೊಳ್ಳಲು ಆ ಕಡೆ ಯಾರೂ ಇಲ್ಲ. ಅಪ್ಪನ ಟೀವಿಯೂ ಬಂದ್ ಆಗಿರುವುದರಿಂದ "ನೀವು ಮಾತ್ರ ನೋಡಬಹುದಾ?" ಎಂಬ ಪ್ರಶ್ನೆಯೂ ಏಳುವುದಿಲ್ಲ. ಇಲ್ಲಿ ಶಿಕ್ಷೆ ಯಾರಿಗೂ ಇಲ್ಲ, ಕಟ್ಟುಪಾಡು ಎಲ್ಲರಿಗೂ ಇದೆ.

"ಅದು ಹಳ್ಳಿ ಮಾರಾಯ್ರೇ, ಇಲ್ಲಿ ಯಾರು ಯಾರ ಮಾತು ಕೇಳುತ್ತಾರೆ?" ಎಂದು ನೀವು ಕೇಳಬಹುದು. ಕೇಳುತ್ತಾರೆ. ನಮ್ಮ ಹೌಸಿಂಗ್ ಸೊಸೈಟಿಗಳಷ್ಟು ಉತ್ಸಾಹದಿಂದ ನಿಯಮ ಮಾಡುವ ಸಂಸ್ಥೆ ಈ ದೇಶದಲ್ಲಿ ಇನ್ನೊಂದು ಇರಲಾರದು. ಕೆಲಸದವರಿಗೆ ಬೇರೆ ಲಿಫ್ಟು, ಬ್ಯಾಚಲರ್ ಹುಡುಗರಿಗೆ ಮನೆ ಇಲ್ಲ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು, ಮಧ್ಯಾಹ್ನ ಎರಡರಿಂದ ನಾಲ್ಕು ಡ್ರಿಲ್ ಮಶಿನ್ ಓಡಿಸಬಾರದು. ಇವೆಲ್ಲ ಚಾಚೂ ತಪ್ಪದೆ ನಡೆಯುತ್ತವೆ. ಕಲ್ಯಾಣದಿಂದ ಖಾರ್‌ಘರ್‌ವರೆಗೆ ಯಾವ ಕಾಂಪೌಂಡಿಗೆ ಹೋದರೂ ಒಂದು ಬೋರ್ಡು ನಿಮ್ಮನ್ನು ಸ್ವಾಗತಿಸುತ್ತದೆ: ಇಲ್ಲಿ ಚೆಂಡಾಟ ಆಡಬಾರದು. ಕಾರಿನ ಗಾಜಿಗೆ ಪೆಟ್ಟಾಗುತ್ತದೆ, ಹಿರಿಯರ ನಿದ್ದೆ ಕೆಡುತ್ತದೆ, ಹೂಕುಂಡ ಒಡೆಯುತ್ತದೆ. ಕೆಳಗೆ ಪಾರ್ಕಿಂಗ್, ಅದರ ಮೇಲೆ ಪೋಡಿಯಮ್, ಪೋಡಿಯಮ್ಮಿನಲ್ಲಿ ಹುಲ್ಲು, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಇನ್ನೊಂದು ಬೋರ್ಡು. ಟೆರೇಸಿಗೆ ಬೀಗ. ಐದು ವರ್ಷದ ಮಗುವಿಗೆ ಜಾರುಬಂಡೆ ಇದೆ, ಎಪ್ಪತ್ತು ವರ್ಷದ ಅಜ್ಜನಿಗೆ ಬೆಂಚು ಇದೆ. ಹದಿನೈದು ವರ್ಷದವರಿಗೆ ಏನಿದೆ? ನಾಲ್ಕು ಜನ ಹುಡುಗರು ಮೆಟ್ಟಿಲ ಮೇಲೆ ಕೂತರೆ ವಾಚ್‌ಮನ್ ಬಂದು ಎಬ್ಬಿಸುತ್ತಾನೆ. ಅವರಲ್ಲಿ ಇಬ್ಬರು ಹುಡುಗಿಯರಿದ್ದರೆ ಕಮಿಟಿಯಿಂದ ಅವರ ಮನೆಗೆ ಫೋನು ಹೋಗುತ್ತದೆ.

ನಾನು ಹಾಜರಿದ್ದ ಒಂದು ಸೊಸೈಟಿ ಸಭೆಯಲ್ಲಿ ಮಕ್ಕಳ ಮೊಬೈಲ್ ಚಟದ ಬಗ್ಗೆ ಅರ್ಧ ಗಂಟೆ ಬಹಳ ಕಳಕಳಿಯ ಮಾತು ನಡೆಯಿತು. ಕಾಲ ಕೆಟ್ಟಿದೆ ಎಂದು ಎಲ್ಲರೂ ಒಪ್ಪಿದರು. ಮುಂದಿನ ವಿಷಯ, ಪೋಡಿಯಮ್ಮಿನಲ್ಲಿ ಸೈಕಲ್ ಓಡಿಸುವುದನ್ನು ನಿಲ್ಲಿಸುವುದು. ಎರಡು ನಿಮಿಷದಲ್ಲಿ ಸರ್ವಾನುಮತದಿಂದ ಪಾಸಾಯಿತು. ಎರಡೂ ಒಂದೇ ವಿಷಯ ಎಂದು ನಾನು ಎದ್ದು ಹೇಳಿದೆ. ಟೀ ತಣ್ಣಗಾಗುತ್ತಿದೆ ಎಂದು ಅಧ್ಯಕ್ಷರು ಸಭೆ ಮುಗಿಸಿದರು.

ಮಕ್ಕಳಿಗೆ ಗೆಳೆಯರಿಗಿಂತ ಸ್ಕ್ರೀನೇ ಹೆಚ್ಚು ಇಷ್ಟ ಎನ್ನುವವರು ದೀಪಾವಳಿಯ ಬೆಳಗ್ಗೆ ಡೊಂಬಿವಲಿಯ ಫಡ್ಕೆ ರೋಡಿಗೆ ಹೋಗಿ ನೋಡಬೇಕು. ಅಭ್ಯಂಗ ಮುಗಿಸಿ, ಕುರ್ತಾ, ಸೀರೆ ಉಟ್ಟು, ಕಾಲಿಡಲು ಜಾಗವಿಲ್ಲದಂತೆ ಹುಡುಗ ಹುಡುಗಿಯರು ನೆರೆದಿರುತ್ತಾರೆ. ಕೈಯಲ್ಲಿ ಫೋನು ಇರುತ್ತದೆ ನಿಜ, ಆದರೆ ಕಣ್ಣು ಮುಖಗಳ ಮೇಲೆ ಇರುತ್ತದೆ. ಅವರಿಗೆ ಬೇಕಿರುವುದು ಒಬ್ಬರಿಗೊಬ್ಬರು. ವರ್ಷಕ್ಕೊಂದು ದಿನ ಒಂದು ರಸ್ತೆ ಸಿಕ್ಕರೆ ರಸ್ತೆಗೆ ಬರುತ್ತಾರೆ, ಉಳಿದ ದಿನ ಇನ್‌ಸ್ಟಾಗ್ರಾಮಿನಲ್ಲಿ ಸೇರುತ್ತಾರೆ. ನಮ್ಮ ಊರುಗಳಲ್ಲಿ ಅಶ್ವತ್ಥಕಟ್ಟೆ ಇತ್ತು. ಮರಾಠಿಯಲ್ಲಿ ಅದನ್ನೇ 'ಕಟ್ಟಾ' ಎನ್ನುತ್ತಾರೆ, ಮಾತಿಗೆ ಕೂರುವ ಜಾಗ. ಕಟ್ಟೆ ಒಡೆದು ಕಾರು ನಿಲ್ಲಿಸಿದ ಮೇಲೆ ಮಾತು ಎಲ್ಲಿಗಾದರೂ ಹೋಗಲೇಬೇಕಲ್ಲ.

ಮುಂಬಯಿ ಕನ್ನಡಿಗರಾದ ನಮಗಂತೂ ಇದು ಅರ್ಥವಾಗಬೇಕು. ಸಂಜೆ ಏಳರಿಂದ ಒಂಬತ್ತು ಎಂಬ ಹೊತ್ತಿಗೆ ನಮ್ಮ ಚರಿತ್ರೆಯಲ್ಲಿ ಒಂದು ಜಾಗವಿದೆ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದ, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಹದಿಹರೆಯದ ಹುಡುಗರು ಕೆಲಸ ಮುಗಿಸಿ ಓಡಿದ್ದು ಕನ್ನಡ ರಾತ್ರಿಶಾಲೆಗಳಿಗೆ. ಅಲ್ಲಿ ಕಲಿತವರೇ ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ತೆರೆದರು, ಸಂಘಗಳನ್ನು ಕಟ್ಟಿದರು. ಆ ಹುಡುಗರು ಈಗಿನವರಿಗಿಂತ ಹೆಚ್ಚು ಶಿಸ್ತಿನವರಾಗಿದ್ದರು ಎಂದು ಭಾಷಣಗಳಲ್ಲಿ ಹೇಳುವುದುಂಟು. ಹಾಗಲ್ಲ. ಅವರಿಗಾಗಿ ಸಮುದಾಯ ಒಂದು ಹೊತ್ತನ್ನು ಗೊತ್ತುಮಾಡಿತ್ತು, ಒಂದು ಕೋಣೆ ಕೊಟ್ಟಿತ್ತು, ದೀಪ ಹಚ್ಚಿ ಒಬ್ಬ ಮೇಷ್ಟ್ರನ್ನು ಕೂರಿಸಿತ್ತು. ಹೊಟ್ಟೆಗಿಲ್ಲದ ಕಾಲದಲ್ಲಿ ಇಷ್ಟು ಮಾಡಿದ ಸಮುದಾಯ, ಈಗ ಎಸಿ ಸಭಾಗೃಹಗಳಿರುವಾಗ, ತನ್ನ ಹದಿಹರೆಯದವರಿಗೆ ಏನು ಕೊಡುತ್ತಿದೆ? ವರ್ಷಕ್ಕೊಮ್ಮೆ ಶೇಕಡಾ ತೊಂಬತ್ತು ಅಂಕ ಪಡೆದವರಿಗೆ ಶಾಲು ಮತ್ತು ಸ್ಮರಣಿಕೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಹೊತ್ತು ಆ ಸಭಾಗೃಹಗಳಿಗೆ ಬೀಗ. ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂಬ ಗೋಳಿಗೂ ಉತ್ತರ ಅಲ್ಲೇ ಇದೆ. ಮಾತನಾಡಲು ಜಾಗ ಮತ್ತು ಹೊತ್ತು ಇಲ್ಲದ ಕಡೆ ಯಾವ ಭಾಷೆಯೂ ಬೆಳೆಯುವುದಿಲ್ಲ.

ನಮ್ಮ ಕಚೇರಿಗಳಿಗೂ ಒಂದು ಮಾತು. ಡೊಂಬಿವಲಿಯವರು ಠಾಣೆಯಲ್ಲಿ ಇಳಿದು, ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿಗೆ, ಘಣಸೋಲಿಗೆ ಹೋಗಿ ಬರುತ್ತಾರೆ. ಸಿಎಸ್‌ಎಂಟಿಗೆ ಹೋಗುವವರಿಗಂತೂ ಕಲ್ಯಾಣದಿಂದ ಐವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಮನೆ ಸೇರುವಾಗ ಎಂಟು, ಎಂಟೂವರೆ. ಒಂಬತ್ತಕ್ಕೆ ಅಮೆರಿಕದ ಕ್ಲೈಂಟ್ ಕಾಲ್. ಮಗು ತಲೆ ಎತ್ತಿ ನೋಡಿದರೆ ಕಾಣುವುದು ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ ದೊಡ್ಡವರು. ಇದಕ್ಕೆ ಆ ಅಪ್ಪಂದಿರನ್ನು, ಅಮ್ಮಂದಿರನ್ನು ದೂರಿ ಪ್ರಯೋಜನವಿಲ್ಲ. ಅವರ ಕೈಯಲ್ಲೂ ಒಂಟಿಯಾಗಿ ಏನೂ ಇಲ್ಲ, ಮಕ್ಕಳ ಹಾಗೆಯೇ. ಆದರೆ ತಂಡ ನಡೆಸುವ ನನ್ನಂಥವರು ಎಂಟರಿಂದ ಒಂಬತ್ತೂವರೆಯವರೆಗೆ ಕಾಲ್ ಇಡುವುದಿಲ್ಲ ಎಂದು ಒಟ್ಟಾಗಿ ಹೇಳಿದರೆ ಕ್ಲೈಂಟ್ ಓಡಿಹೋಗುವುದಿಲ್ಲ. ಆ ಒಂದೂವರೆ ಗಂಟೆಗೆ ಅಲ್ಲಿ ಇನ್ನೂ ಬೆಳಗಿನ ಹೊತ್ತು, ಕಾಯಬಲ್ಲರು.

ನನ್ನ ಮಾತನ್ನು ನಿಷೇಧದ ಪರ ಎಂದು ಯಾರೂ ತಿಳಿಯಬಾರದು. 2022ರ ನವೆಂಬರಿನಲ್ಲಿ ಯವತ್ಮಾಳ ಜಿಲ್ಲೆಯ ಬಾನ್ಸಿ ಗ್ರಾಮಸಭೆ ಹದಿನೆಂಟರೊಳಗಿನವರು ಮೊಬೈಲ್ ಬಳಸಲೇಬಾರದೆಂದು ಠರಾವು ಮಾಡಿತು. ಅದು ನನಗೆ ಒಪ್ಪಿಗೆಯಿಲ್ಲ. ಸಂಪೂರ್ಣ ನಿಷೇಧದ ಪೆಟ್ಟು ಮೊದಲು ಬೀಳುವುದು ಹುಡುಗಿಯರ ಮೇಲೆ. ಹಾಸ್ಟೆಲಿನಲ್ಲಿ ಸಂಜೆಯ ಓದಿನ ಹೊತ್ತು ಫೋನು ಒಪ್ಪಿಸಬೇಕೆಂಬ ನಿಯಮವನ್ನು ಪ್ರಶ್ನಿಸಿ ಹೊರಹಾಕಲ್ಪಟ್ಟ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ 2019ರಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಭಾಗ ಎಂದಿತು. ಸರಿಯಾದ ತೀರ್ಪು. ಲೋಕಲಿನಲ್ಲಿ ಒಬ್ಬಳೇ ಕಾಲೇಜಿಗೆ ಹೋಗುವ ಹುಡುಗಿಗೆ ಫೋನು ಬೇಕು, ಗಾಡಿಯ ಹೊತ್ತು ನೋಡಲು ಎಂ-ಇಂಡಿಕೇಟರ್ ಬೇಕು, ಕುಂದಾಪುರದ ಅಜ್ಜಿಯ ಮುಖ ನೋಡಲು ವಿಡಿಯೋ ಕಾಲ್ ಬೇಕು. ಹಲಗಾದ ಸೈರನ್ನಿಗೂ ಹಾಸ್ಟೆಲಿನ ನಿಯಮಕ್ಕೂ ಇರುವ ವ್ಯತ್ಯಾಸ ದೊಡ್ಡದು. ಒಂದು ಹಿರಿಯರನ್ನೂ ಕಟ್ಟಿಹಾಕುತ್ತದೆ, ಇನ್ನೊಂದು ಕಿರಿಯರನ್ನು ಮಾತ್ರ. ಮೊದಲನೆಯದು ಒಪ್ಪಂದ, ಎರಡನೆಯದು ದರ್ಪ.

ಕಾನೂನು ಬರಲಿ ಎಂದು ಕಾಯುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರಿಗೆ ಸೋಶಿಯಲ್ ಮೀಡಿಯಾ ಖಾತೆ ಇಲ್ಲ. ನಮ್ಮ 2023ರ ಡೇಟಾ ಸಂರಕ್ಷಣಾ ಕಾಯ್ದೆಯೂ ಹದಿನೆಂಟರೊಳಗಿನ ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದರೂ ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ಬರಲಿ, ಬಿಗಿಯಾಗಿಯೇ ಬರಲಿ. ಕಂಪನಿಗಳ ಕೈ ಕಟ್ಟುವುದು ಸರಕಾರದ ಕೆಲಸ. ನಿದ್ದೆ, ಊಟ, ಶಾಲೆ ಎಲ್ಲವನ್ನೂ ಬಿಟ್ಟು ಫೋನಿಗೆ ಅಂಟಿದ ಮಕ್ಕಳಿಗೆ ವೈದ್ಯರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಆದರೆ ಕಾಯ್ದೆ ಖಾತೆಯನ್ನು ಮುಚ್ಚಿಸಬಲ್ಲದು, ಟೆರೇಸಿನ ಬೀಗವನ್ನು ತೆಗೆಸಲಾರದು. ಡಾಕ್ಟರು ಒಂದು ಮಗುವನ್ನು ನೋಡಬಲ್ಲರು, ಕಾಂಪೌಂಡಿನ ಬೋರ್ಡನ್ನು ಕೀಳಲಾರರು. ಅದು ಅಲ್ಲಿ ವಾಸವಾಗಿರುವವರ ಕೆಲಸ.

ಆದ್ದರಿಂದ ಬರುವ ಸೊಸೈಟಿ ಸಭೆಗೆ ನಾಲ್ಕು ಠರಾವುಗಳನ್ನು ಒಯ್ಯಿರಿ. ಒಂದು, ವಾರದ ಐದು ದಿನ ಸಂಜೆ ಒಂದೂವರೆ ಗಂಟೆ, ಎಲ್ಲ ವಯಸ್ಸಿನವರಿಗೂ, ಮನೆಯೊಳಗೆ ಫೋನು ಟೀವಿ ಎರಡೂ ಬಂದ್. ಆಸ್ಪತ್ರೆ, ತುರ್ತು ಕೆಲಸದವರಿಗೆ ರಿಯಾಯಿತಿ. ದಂಡ ಬೇಡ, ಒಂದು ಗಂಟೆ ಸಾಕು. ಹೊತ್ತು ಯಾವುದೆಂದು ಮಕ್ಕಳೇ ಹೇಳಲಿ. ಅವರ ಪ್ರತಿನಿಧಿಗಳಿಬ್ಬರು ಕಮಿಟಿಯಲ್ಲಿ ಕೂರಲಿ. ಎರಡು, ಆ ಹೊತ್ತಿನಲ್ಲಿ ಪೋಡಿಯಮ್ ಮತ್ತು ಕ್ಲಬ್‌ಹೌಸ್ ಹದಿಹರೆಯದವರದು. ಗಾಜು ಒಡೆದರೆ ಸೊಸೈಟಿ ಫಂಡಿನಿಂದ ಹೊಸದು. ಮೂರು, ಸಂಜೆ ಆರರ ಮೇಲೆ ವಾಟ್ಸಾಪಿನಲ್ಲಿ ಹೋಮ್‌ವರ್ಕ್ ಕಳಿಸಬೇಡಿ, ಡೈರಿಯಲ್ಲಿ ಬರೆಸಿ ಎಂದು ಕಟ್ಟಡದ ಪಾಲಕರೆಲ್ಲ ಸಹಿ ಹಾಕಿ ಶಾಲೆಗೂ ಟ್ಯೂಶನ್ನಿಗೂ ಪತ್ರ ಕೊಡಲಿ. ಒಬ್ಬರು ಬರೆದರೆ ಅದು ದೂರು, ನಲವತ್ತು ಮಂದಿ ಬರೆದರೆ ಅದು ನಿಯಮ. ನಾಲ್ಕು, ಕನ್ನಡ ಸಂಘದ ಸಭಾಗೃಹದ ಬೀಗದ ಕೈಯನ್ನು ವಾರದಲ್ಲಿ ಎರಡು ಸಂಜೆ ಮಕ್ಕಳಿಗೆ ಕೊಡಿ. ಉಪನ್ಯಾಸ ಇಡಬೇಡಿ. ಕೇರಂ ಬೋರ್ಡು, ಚೆಂಡೆ, ಇಸ್ಪೀಟು, ಏನಾದರೂ ಇರಲಿ. ಏನೂ ಇಲ್ಲದಿದ್ದರೂ ನಡೆದೀತು.

ಇದರಿಂದ ಎಲ್ಲವೂ ಸರಿಹೋಗುತ್ತದೆಯೆ? ಇಲ್ಲ. ಒಂಬತ್ತಕ್ಕೆ ಫೋನುಗಳು ಮತ್ತೆ ಬೆಳಗುತ್ತವೆ. ಆದರೆ ಫೋನಿಲ್ಲದ ಒಂದೂವರೆ ಗಂಟೆ ಹೇಗಿರುತ್ತದೆ ಎಂಬುದು ಆ ಮಕ್ಕಳಿಗೆ ಗೊತ್ತಾಗಿರುತ್ತದೆ. ಗೊತ್ತಿರುವುದನ್ನು ಮಾತ್ರ ಮನುಷ್ಯ ಬಯಸಬಲ್ಲ. ಅಲ್ಲಿಯವರೆಗೆ ಒಂದು ಪ್ರಾರ್ಥನೆ: ಮಗುವಿಗೆ "ಹೊರಗೆ ಹೋಗಿ ಆಡು" ಎನ್ನುವ ಮೊದಲು, ಕೆಳಗಿಳಿದು ಬೋರ್ಡಿನಲ್ಲಿ ಏನು ಬರೆದಿದೆ ಎಂದು ಓದಿಕೊಂಡು ಬನ್ನಿ.